ನಲವತ್ತಮೂರು ಸಿಡಿ ಕಡಿಮೆ

ಮದುವೆಯಾಗಿ ಆ ಮನೆಗೆ ಬಂದ ಮೂರನೆಯ ವಾರ ಸೊಸೆ ಒಂದು ತಪ್ಪು ಮಾಡಿದಳು. ಮಾವ ಹೊಸದಾಗಿ ಕೊಂಡು ತಂದು, ಎರಡು ದಿನ ಗುದ್ದಾಡಿ, ಕೊನೆಗೆ ಕೈಚೆಲ್ಲಿ ಕೂತಿದ್ದ ರೆಕಾರ್ಡರನ್ನು ಹತ್ತೇ ನಿಮಿಷದಲ್ಲಿ ನಡೆಸಿ ತೋರಿಸಿಬಿಟ್ಟಳು.

ಅದೊಂದು ಅಗಲವಾದ ಕಪ್ಪು ಪೆಟ್ಟಿಗೆ. ಬಾಯಿಗೆ ಸಿಡಿ ಇಟ್ಟರೆ ಒಳಗೆಳೆದುಕೊಂಡು, ಅದರಲ್ಲಿದ್ದ ಸಂಗೀತವನ್ನೆಲ್ಲ ತನ್ನ ಹೊಟ್ಟೆಗೆ ಇಳಿಸಿಕೊಂಡು, ಸಿಡಿಯನ್ನು ಮತ್ತೆ ಹೊರಗೆ ಚಾಚುತ್ತಿತ್ತು. ಆಮೇಲೆ ಸಿಡಿಯ ಹಂಗೇ ಇಲ್ಲ. ಪರದೆಯ ಮೇಲಿನ ಪಟ್ಟಿಯಲ್ಲಿ ಹೆಸರು ಹುಡುಕಿ ಗುಂಡಿ ಒತ್ತಿದರೆ ಹಾಡು. ಮಾವನ ಬಳಿ ಗೋಡೆಯುದ್ದದ ಕಪಾಟಿನಲ್ಲಿ ಆರುನೂರ ನಲವತ್ತು ಸಿಡಿಗಳಿದ್ದವು. ಪಿಟೀಲು, ಕೊಳಲು, ಪಿಯಾನೊ, ವೃಂದಗಾನ, ಏನುಂಟು ಏನಿಲ್ಲ. ಈಚೆಗೆ ಅವರ ಕೈ ನಡುಗುತ್ತಿತ್ತು, ಆ ತೆಳುಬಿಲ್ಲೆಗಳನ್ನು ಡಬ್ಬಿಯಿಂದ ಬಿಡಿಸುವಷ್ಟರಲ್ಲಿ ಕೇಳುವ ಆಸೆಯೇ ಬತ್ತಿಹೋಗುತ್ತಿತ್ತು.

"ನೋಡಿದ್ಯಾ, ಹಲ್ಲು ಕಟ್ಟೋ ಕೈ ಅಂದ್ರೆ ಇದು!" ಎಂದರು ಅತ್ತೆಯ ಕಡೆ ತಿರುಗಿ. "ಈ ಕೆಲಸ ನಮ್ಮ ಸೊಸೆ ಕೈಲಾದ್ರೇನೇ ಚಂದ."

ಸೊಸೆ ಹಲ್ಲು ಕಟ್ಟುವವಳು, ಅದು ನಿಜ. ತವರಿನಲ್ಲಿದ್ದಾಗ ಆರು ವರ್ಷ, ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬೊಂದರಲ್ಲಿ ಮೇಣದ ಒಸಡಿಗೆ ಹಲ್ಲು ಕೂರಿಸಿದ್ದಳು. ಗಂಡನ ಊರಿನಲ್ಲೂ ಅಂಥದೇ ಲ್ಯಾಬ್ ಇತ್ತು, ಮನೆಯಿಂದ ಮೂರು ಬೀದಿ ಆಚೆ. ಅಲ್ಲಿನ ಯಜಮಾನಿ ಅವಳ ಕೈಕೆಲಸ ನೋಡಿ, "ಯಾವತ್ತು ಬರ್ತೀಯೋ ಬಾ" ಎಂದಿದ್ದಳು. ಆ ಮಾತು ಮನೆಯಲ್ಲಿ ಎತ್ತಿದಾಗ ಮಾವ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ಹೋಗಮ್ಮಾ, ಖಂಡಿತ ಹೋಗು. ಇದೊಂದು ಮುಗಿಸಿಬಿಡು. ಆಮೇಲೆ ನಿನ್ನನ್ಯಾರು ತಡೀತಾರೆ?" ಎಂದರು.

ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದುಕೊಂಡು ಹೋಗುವುದು ಎಂದರೆ ಇದೇ. ಅದು ಅವಳಿಗೆ ಆಗ ತಿಳಿಯಲಿಲ್ಲ.

ಪೆಟ್ಟಿಗೆಗೆ ಬೇಗ ನಕಲು ಮಾಡುವ ವಿದ್ಯೆಯೂ ಗೊತ್ತಿತ್ತು. ಒಂದು ಗಂಟೆಯ ಸಿಡಿಯನ್ನು ಸದ್ದಿಲ್ಲದೆ ಕಾಲು ಗಂಟೆಯಲ್ಲಿ ನುಂಗಿ ಮುಗಿಸುತ್ತಿತ್ತು. ಮಾವ ಅದಕ್ಕೆ ಒಪ್ಪಲಿಲ್ಲ. "ಕೇಳದೆ ತುಂಬಿಸಿದ್ರೆ ಎಲ್ಲಿ ಚಟ್ ಅಂತು, ಎಲ್ಲಿ ಹಾರಿತು ಅಂತ ಗೊತ್ತಾಗೋದು ಹೇಗೆ?" ಹಾಗಾಗಿ ಒಂದು ಗಂಟೆಯದು ಒಂದು ಗಂಟೆಯೇ. ಅಷ್ಟು ಹೊತ್ತೂ ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಕೇಳಬೇಕು, ದೋಷವಿದ್ದ ಕಡೆ ನಿಮಿಷ ಗುರುತು ಹಾಕಬೇಕು. ಮುಗಿದ ಮೇಲೆ ರಿಮೋಟಿನಲ್ಲಿ ಹೆಸರು ಕೂರಿಸಬೇಕು. ಒಂದೊಂದು ಅಕ್ಷರಕ್ಕೂ ಮೂರು ನಾಲ್ಕು ಸಲ ಒತ್ತು. ಬೀದಿಯ ಗದ್ದಲ ಕೇಳಿಸಬಾರದೆಂದು ಆ ಕೋಣೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಮೇಲೆ ದಪ್ಪ ಪರದೆ ಇಳಿಬಿಟ್ಟಿತ್ತು. ಹೊರಗೆ ಬಿಸಿಲೋ ಮೋಡವೋ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಮಾವ ಬಸ್ ಕಂಪನಿಯಲ್ಲಿ ಮೂವತ್ತು ವರ್ಷ ವೇಳಾಪಟ್ಟಿ ಬರೆದವರು. ನಿವೃತ್ತರಾದ ಮೇಲೆ ದಿನಾ ಮಧ್ಯಾಹ್ನ ಒಂದಕ್ಕೆ ಚದುರಂಗ ಆಡಲು ಹೋಗಿ ಐದಕ್ಕೆ ಸರಿಯಾಗಿ ಬಾಗಿಲು ತಟ್ಟುತ್ತಿದ್ದರು. ಬಂದವರು ಚಪ್ಪಲಿ ಬಿಟ್ಟು ನೇರ ನೋಟ್‌ಬುಕ್ಕಿಗೆ ಕೈ ಹಾಕಿ, ಆ ದಿನದ ಸಿಡಿಗಳ ನಿಮಿಷಗಳನ್ನು ಪೆನ್ಸಿಲಿನಲ್ಲಿ ಕೂಡುತ್ತಿದ್ದರು.

"ನಡುವೆ ಹನ್ನೊಂದು ನಿಮಿಷ ಖಾಲಿ ಬಿದ್ದಿದೆಯಲ್ಲಮ್ಮ?"

"ಬಾತ್‌ರೂಮಿಗೆ ಹೋಗಿದ್ದೆ ಮಾವ."

"ಹೋಗು, ಹೋಗು. ಬೇಡ ಅಂದ್ನಾ? ಸುಮ್ನೆ ಕೇಳಿದೆ."

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ಊರಿನ ಯಾವ ಮೂಲೆಗಾದರೂ ಓಡುವವನು. ಹೆಂಡತಿ ತನ್ನ ಪಾಡು ಹೇಳಿಕೊಂಡರೆ ಮಾತ್ರ, "ಅಪ್ಪನಿಗೆ ಇರೋದು ಅದೊಂದೇ ಖುಷಿ. ಕೂತು ಹಾಡು ಕೇಳೋದು ಕಷ್ಟಾನಾ?" ಎನ್ನುತ್ತಿದ್ದ. ಕಷ್ಟವಲ್ಲ ಎಂದೇ ಅವಳೂ ಅಂದುಕೊಳ್ಳಲು ನೋಡಿದಳು. ಆದರೆ ಕುರ್ಚಿಯಲ್ಲಿ ಕೂತು ಕೂತು ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮೇಣ ತಿದ್ದುವ ಹಾಗೆ ಆಡುತ್ತಿದ್ದವು. ಕೆಲವು ದಿನ ಪಿಟೀಲು ಶುರುವಾದ ಕೂಡಲೇ ಎದ್ದು ಓಡಿಬಿಡಬೇಕೆನ್ನಿಸಿ, ಹಲ್ಲು ಕಚ್ಚಿ ಕೂತಿರುತ್ತಿದ್ದಳು.

ಮೂರು ತಿಂಗಳಾದ ಮೇಲೆ ಲ್ಯಾಬಿನ ಯಜಮಾನಿ ಫೋನ್ ಮಾಡಿ, "ಇನ್ನೆರಡು ತಿಂಗಳು ನೋಡ್ತೀನಮ್ಮಾ. ಆಮೇಲೆ ಬೇರೆಯವರನ್ನ ತಗೋತೀನಿ, ಬೇಜಾರು ಮಾಡ್ಕೋಬೇಡ" ಎಂದಳು. ಅಂದಿನಿಂದ ಸೊಸೆ ಬೆಳಿಗ್ಗೆಯೂ ಕೂರತೊಡಗಿದಳು. ದಿನಕ್ಕೆ ಆರು ಸಿಡಿ. ಮಾವನಿಗೆ ಸಂತೋಷವೋ ಸಂತೋಷ. ಅಡುಗೆ ಪೂರ್ತಿ ಅತ್ತೆಯ ತಲೆಗೆ ಬಿತ್ತು. ಅವರು ಸೊಲ್ಲೆತ್ತಲಿಲ್ಲ. ಹಾಡು ನಡೆಯುವಾಗ ಪಾತ್ರೆ ಸದ್ದಾದರೂ ಮಾವ ಒಳಗಿನಿಂದ "ಶ್!" ಎನ್ನುತ್ತಿದ್ದ ಮನೆಯಲ್ಲಿ ಅತ್ತೆಗೆ ಸೊಲ್ಲೆತ್ತುವ ಅಭ್ಯಾಸವೇ ತಪ್ಪಿಹೋಗಿತ್ತು. ಮಾವ ಹೊರಗೆ ಹೋದ ಮೇಲೆ ಮಾತ್ರ ಎರಡು ಸಿಡಿಗಳ ನಡುವಿನ ಐದು ನಿಮಿಷದಲ್ಲಿ ಚಹಾ ತಂದುಕೊಟ್ಟು, ಹಾಲಿನವನ ಮಗಳ ವಿಷಯವೋ ಎದುರುಮನೆಯ ನಾಯಿಯ ವಿಷಯವೋ ಗಡಿಬಿಡಿಯಲ್ಲಿ ಹೇಳಿ ನಗಿಸಿ ಹೋಗುತ್ತಿದ್ದರು.

ನಾನೂರ ಎಂಬತ್ತನೆಯ ಸಿಡಿ ಮುಗಿಸಿದ ದಿನ, ಇನ್ನೆಷ್ಟು ಜಾಗ ಉಳಿದಿದೆಯೋ ನೋಡೋಣವೆಂದು ಅವಳು ಪೆಟ್ಟಿಗೆಯ ಪಟ್ಟಿ ತೆರೆದಳು. ಪರದೆಯ ಮೇಲೆ ನಾನೂರ ಮೂವತ್ತೆಂಟು ಎಂದಿತ್ತು. ಮತ್ತೆ ನೋಡಿದಳು. ನೋಟ್‌ಬುಕ್ಕಿನ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಪುಸ್ತಕದಲ್ಲಿ ನಾನೂರ ಎಂಬತ್ತು, ಪೆಟ್ಟಿಗೆಯಲ್ಲಿ ನಲವತ್ತೆರಡು ಕಡಿಮೆ. ಯಂತ್ರ ಕೆಟ್ಟಿದ್ದರೆ ಮೊದಲಿನಿಂದ ಶುರುಮಾಡು ಎನ್ನುತ್ತಾರೆ ಮಾವ. ಅದರಲ್ಲಿ ಅನುಮಾನವೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಒಂದು ಸಿಡಿ ಮುಗಿಸಿ, ಒಗೆದ ಬಟ್ಟೆ ತರಲು ತಾರಸಿಗೆ ಹೊರಟವಳು ಬುಟ್ಟಿ ಮರೆತೆನೆಂದು ಅರ್ಧ ಮೆಟ್ಟಿಲಿನಿಂದ ಹಿಂದಿರುಗಿದಳು. ಕೋಣೆಯೊಳಗೆ ಅತ್ತೆ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕೈಯಲ್ಲಿ ರಿಮೋಟ್. ಅಳಿಸಲೇ ಎಂದು ಪರದೆ ಕೇಳುತ್ತಿತ್ತು. ಅತ್ತೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.

"ಅತ್ತೆ!"

ಅತ್ತೆ ಬೆಚ್ಚಿಬೀಳಲಿಲ್ಲ. ರಿಮೋಟನ್ನು ಮೊದಲಿದ್ದ ಜಾಗದಲ್ಲೇ ನೆಟ್ಟಗೆ ಇಟ್ಟು, ಮಾವ ಕೂರುವ ಕುರ್ಚಿಯಲ್ಲಿ ಕೂತುಕೊಂಡರು.

"ದಿನಕ್ಕೆ ಎರಡೇ ಅಳಿಸ್ತಿದ್ದೆ," ಎಂದರು. "ಜಾಸ್ತಿ ಏನಿಲ್ಲ."

"ಯಾಕತ್ತೆ? ನಾನು ನಿಮಗೇನು ಮಾಡಿದೀನಿ?"

"ನೀನೇನು ಮಾಡ್ತೀಯ, ಪಾಪ. ನೀನು ಬೆಳಿಗ್ಗೇನೂ ಕೂತಿದ್ದು ನೋಡಿ ನಂಗೆ ದಿಗಿಲಾಯ್ತು. ಹೀಗೇ ಕೂತ್ರೆ ಮುಗಿಸಿಬಿಡ್ತಾಳೆ, ಮುಗಿಸಿದ್ರೆ ಲ್ಯಾಬಿಗೆ ಹೊರಡ್ತಾಳೆ ಅಂತ." ಅತ್ತೆ ಸೆರಗಿನ ತುದಿಯಿಂದ ಕನ್ನಡಕ ಒರೆಸಿದರು. "ನೀನು ಬರೋ ಮುಂಚೆ ಈ ಮನೇಲಿ ನನ್ನ ಜೊತೆ ಯಾರಮ್ಮ ಮಾತಾಡ್ತಿದ್ರು? ಮಗ ರಾತ್ರಿಯಾದ್ರೆ ಬರ್ತಾನೆ, ಉಂಡು ಮಲಗ್ತಾನೆ. ಇವರು ಇದ್ರೆ ಹಾಡು. ಮೂವತ್ತೆಂಟು ವರ್ಷ ಕೇಳಿದೀನಿ. ಒಂದು ದಿನಾನೂ ನಂಗೆ ಇಷ್ಟ ಆಗ್ಲಿಲ್ಲ. ಯಾರ ಹತ್ರಾನೂ ಹೇಳಿಲ್ಲ, ನಿನ್ನ ಹತ್ರಾನೇ ಮೊದಲು."

ಸೊಸೆಗೆ ಸಿಟ್ಟು ಬಂದಿತ್ತು. ಮೂರು ವಾರದ ದುಡಿಮೆಯ ಕೆಳಗೆ ಯಾರೋ ಸದ್ದಿಲ್ಲದೆ ಬಿಲ ತೋಡಿದ್ದರು. ಆ ಯಾರೋ ದಿನಾ ಚಹಾ ತಂದುಕೊಡುತ್ತಿದ್ದವರು. ಕೂಗಾಡಬೇಕೆಂದು ಬಾಯಿ ತೆರೆದರೆ, ಕುರ್ಚಿಯ ತುದಿಯಲ್ಲಿ ಕೂತ ಮುದುಕಿ ಅಷ್ಟು ಚಿಕ್ಕವರಾಗಿ ಕಂಡರು.

"ಇನ್ಮೇಲೆ ಅಳಿಸಲ್ಲ," ಎಂದರು ಅತ್ತೆ. "ಇವರಿಗೆ ಮಾತ್ರ ಹೇಳ್ಬೇಡ."

ಹೇಳಿದರೆ ಅತ್ತೆಯ ಗತಿಯೇನು? ಹೇಳದಿದ್ದರೆ ತನ್ನ ಗತಿಯೇನು? ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವತ್ತಿನದೂ ಸೇರಿ ಕಳೆದುಹೋದ ನಲವತ್ತಮೂರನ್ನೂ ಗುಟ್ಟಾಗಿ ಮತ್ತೆ ತುಂಬಿಸುವುದೆಂದು ಅವಳು ತೀರ್ಮಾನಿಸಿದಳು. ಅಂದರೆ ಇನ್ನೂ ಒಂದು ವಾರ ಹೆಚ್ಚಿಗೆ. ಗಡುವು ಮೀರಿದರೂ ಮೀರಬಹುದು. ಆ ರಾತ್ರಿ ಗಂಡ "ಯಾಕೆ ಸಪ್ಪಗಿದ್ದೀಯ?" ಎಂದು ಕೇಳಿದಾಗ "ತಲೆನೋವು" ಎಂದಳು.

ಗುಟ್ಟು ಭಾನುವಾರದ ತನಕವೂ ಉಳಿಯಲಿಲ್ಲ. ಶನಿವಾರ ಸಂಜೆ ಮಾವ ತಮ್ಮ ಚದುರಂಗದ ಗೆಳೆಯರೊಬ್ಬರನ್ನು ಪೆಟ್ಟಿಗೆ ತೋರಿಸಲು ಕರೆತಂದರು. ಗೆಳೆಯರು ದಪ್ಪ ಹೊಟ್ಟೆಯ ಮನುಷ್ಯ, ಸೋಫಾದಲ್ಲಿ ಹುದುಗಿ ಕೂತರು.

"ಯಾವುದು ಬೇಕು ಹೇಳಿ. ಒಂದೇ ಗುಂಡಿ!" ಎಂದರು ಮಾವ.

ಗೆಳೆಯರು ಕಪಾಟಿನ ಕಡೆ ನೋಡಿ ಒಂದು ಕೊಳಲಿನ ಸಿಡಿಯ ಹೆಸರು ಹೇಳಿದರು. ಮಾವ ಪಟ್ಟಿ ಇಳಿಸಿದರು, ಏರಿಸಿದರು. ಇನ್ನೊಂದು ಹುಡುಕಿದರು. ಅದೂ ಇರಲಿಲ್ಲ. ನೋಟ್‌ಬುಕ್ಕು ತೆಗೆದು ನೋಡಿದರು. ಎರಡೂ ಅಲ್ಲಿ ಸೊಸೆಯ ದುಂಡು ಅಕ್ಷರದಲ್ಲಿದ್ದವು.

"ಏನಮ್ಮಾ ಇದು? ಎಲ್ಲಿ ಹೋದ್ವು?"

ಬಾಗಿಲಲ್ಲಿ ಅತ್ತೆ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಕಪ್ಪುಗಳು ಸಾಸರಿನ ಮೇಲೆ ಗಲಗಲ ಅಲ್ಲಾಡತೊಡಗಿದವು. ಆ ಸದ್ದು ಇನ್ನೊಂದು ಕ್ಷಣ ಮುಂದುವರಿದರೆ ಮಾವ ತಿರುಗಿ ನೋಡುತ್ತಾರೆ ಎಂದು ಸೊಸೆಗೆ ಅನ್ನಿಸಿತು. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಯೋಚಿಸಲಿಲ್ಲ.

"ನಾನೇ ಅಳಿಸಿಬಿಟ್ಟೆ ಮಾವ. ಗುಂಡಿ ತಪ್ಪಿ ಒತ್ತಿದೆ."

"ಎಷ್ಟು ಹೋಗಿದಾವೆ?"

"ನಲವತ್ತಮೂರು."

"ನಲವತ್ತಮೂರು ಸಲ ತಪ್ಪತ್ತಾ ಗುಂಡಿ?" ಮಾವನ ದನಿ ಏರಲಿಲ್ಲ, ಬಸ್ಸು ತಡಮಾಡಿ ತಂದ ಡ್ರೈವರನ್ನು ವಿಚಾರಿಸಿದ ಹಾಗಿತ್ತು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ನಿನ್ನ ಕೈಯನ್ನ ಊರೆಲ್ಲ ಹೊಗಳಿಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ."

ಗೆಳೆಯರು ಗಂಟಲು ಸರಿಮಾಡಿಕೊಂಡು ಛಾವಣಿ ನೋಡಿದರು. ಮಾವ ರಿಮೋಟನ್ನು ಟವೆಲಿನಿಂದ ಒರೆಸಿ, ಅತ್ತೆಯ ಕೈಯಿಂದ ತಟ್ಟೆ ಇಸಿದುಕೊಂಡು, ಆ ಕೈಯಲ್ಲಿ ರಿಮೋಟ್ ಇಟ್ಟರು.

"ನಾಳೆಯಿಂದ ನೀನು ಕೂತ್ಕೋ. ಇವಳು ಲ್ಯಾಬಿಗೆ ಹೋಗ್ಲಿ."

ಅತ್ತೆ ಬೇಡವೆನ್ನಲಿಲ್ಲ. ನಾನೇ ಅಳಿಸಿದ್ದು ಎಂದೂ ಹೇಳಲಿಲ್ಲ. ತಲೆಯಾಡಿಸಿದರು.

ಸೋಮವಾರ ಸೊಸೆ ಲ್ಯಾಬಿಗೆ ಹೊರಟಳು. ನಾಲ್ಕು ತಿಂಗಳು ಒಳ್ಳೆಯ ಹೆಸರಿನಿಂದ ಆಗದ್ದು ಒಂದು ಕೆಟ್ಟ ಹೆಸರಿನಿಂದ ಒಂದೇ ಸಂಜೆ ಆಗಿತ್ತು. ಬೀದಿಯ ಬೆಳಕು ಕಣ್ಣಿಗೆ ಚುಚ್ಚುವಷ್ಟಿತ್ತು. ಗೇಟಿನ ಬಳಿ ತಿರುಗಿ ನೋಡಿದಾಗ ಆ ಕೋಣೆಯ ಕಿಟಕಿ ಮುಚ್ಚಿದ್ದು ಕಂಡು ಕಾಲು ಒಂದು ಕ್ಷಣ ನಿಂತಿತು, ಆಮೇಲೆ ನಡೆಯಿತು. ಮಾವ ಅವಳ ಜೊತೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದರು. ಅತ್ತೆ ಮೊದಲ ವಾರ ಅವಳ ಮುಖವನ್ನೇ ನೋಡಲಿಲ್ಲ.

ಒಂದು ತಿಂಗಳ ಮೇಲೆ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಲ್ಯಾಬಿನ ಮಹಡಿ ಮೆಟ್ಟಿಲು ಹತ್ತಿ ಅತ್ತೆ ಬಂದರು. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದಿದ್ದರು. ಸೊಸೆ ಗಾಬರಿಯಾಗಿ ಎದ್ದಳು.

"ಯಾರಿಗೇನಾಯ್ತು ಅತ್ತೆ?"

"ಯಾರಿಗೂ ಏನೂ ಆಗಿಲ್ಲ. ಎಪ್ಪತ್ತೆರಡು ನಿಮಿಷದ್ದೊಂದು ಹಾಕಿ ಬಂದೆ." ಅತ್ತೆ ಸ್ಟೂಲು ಎಳೆದುಕೊಂಡು ಕೂತು ಏದುಸಿರು ಬಿಟ್ಟರು. "ಬರೋದಕ್ಕೆ ಹನ್ನೆರಡು, ಹೋಗೋದಕ್ಕೆ ಹನ್ನೆರಡು. ನಡುವೆ ನಲವತ್ತೆಂಟು ನಿಮಿಷ ನಂದು."

"ಚಟ್ ಅಂದಿದ್ದು, ಹಾರಿದ್ದು ಎಲ್ಲ ಬರೀಬೇಕಲ್ಲ?"

"ಎಲ್ಲಕ್ಕೂ 'ಚೆನ್ನಾಗಿದೆ' ಅಂತ ಬರೀತೀನಿ. ಇವರು ನನ್ನನ್ನ ಮೂವತ್ತೆಂಟು ವರ್ಷದಿಂದ ನಂಬಿದಾರೆ."

ಮೇಜಿನ ಮೇಲಿದ್ದ ಕೆಳದವಡೆಯ ಸೆಟ್ಟನ್ನು ಎತ್ತಿಕೊಂಡು ತಿರುಗಿಸಿ ನೋಡಿ ಅತ್ತೆ ಯಾರದೆಂದು ಕೇಳಿದರು. ಒಬ್ಬ ಹಾಡುಗಾರರದು ಎಂದಳು ಸೊಸೆ. ಅತ್ತೆ ಸೆಟ್ಟನ್ನು ಪಟ್ಟನೆ ಕೆಳಗಿಟ್ಟರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಚೆ ಮೇಜಿನಿಂದ ಯಜಮಾನಿ ಕತ್ತೆತ್ತಿ ನೋಡುವಷ್ಟು ನಕ್ಕರು.

ನಗು ನಿಂತ ಮೇಲೆ ಅತ್ತೆ, "ಅವತ್ತು ನಾನು ಹೇಳ್ಬೇಕಿತ್ತು," ಎಂದರು. "ಬಾಯಿ ಬರ್ಲಿಲ್ಲ."

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಅವಳ ಬೆರಳಿಗಂಟಿದ್ದ ಮೇಣ ಆ ಕೈಗೂ ಅಂಟಿತು. ಆಮೇಲೆ ಹಾಲಿನವನ ಮಗಳಿಗೆ ಕೆಲಸ ಸಿಕ್ಕ ಕತೆ ಬಂತು, ನಾಯಿ ಮರಿ ಹಾಕಿದ ಕತೆ ಬಂತು. ಮಾತಿನ ನಡುವೆ ಅತ್ತೆಯ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತಲೇ ಇತ್ತು. ಒಂದು ಮಾತಿನ ಅರ್ಧಕ್ಕೇ ಎದ್ದು ನಿಂತರು.

"ಇನ್ನೂ ಐದು ನಿಮಿಷ ಇದೆ ಅತ್ತೆ."

"ಮಂಡಿ ನೋವಿದ್ರೆ ನಡಿಗೆ ನಿಧಾನ ಆಗತ್ತೆ. ಖಾಲಿ ಬಿದ್ರೆ ಕೇಳ್ತಾರೆ."

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಅತ್ತೆ ಹೋದರು. ಸೊಸೆ ಕಿಟಕಿಗೆ ಬಂದು, ಅವರು ರಸ್ತೆ ದಾಟಿ ಮೂಲೆ ತಿರುಗುವ ತನಕ ನೋಡಿದಳು.

"ಏನಂತೆ ನಿಮ್ಮತ್ತೆಗೆ ಅಷ್ಟು ಅವಸರ?" ಯಜಮಾನಿ ಕೇಳಿದಳು.

"ಮನೇಲಿ ಕೆಲಸ ಇದೆ," ಎಂದು ಸೊಸೆ ದೀಪವನ್ನು ಹತ್ತಿರಕ್ಕೆಳೆದುಕೊಂಡು, ಹಾಡುಗಾರರ ದವಡೆಯ ಕೊನೆಯ ಹಲ್ಲನ್ನು ಮೇಣದಲ್ಲಿ ಕೂರಿಸತೊಡಗಿದಳು.