ಕೈ ಎತ್ತಿದವರು

ನಾನು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತೇನೆ. ಅಚ್ಚಿನ ಜೊತೆ ಒಣಗಿದ ಎಂಜಲು ಬರುತ್ತದೆ, ಕೆಲವೊಮ್ಮೆ ರಕ್ತ, ಒಮ್ಮೊಮ್ಮೆ ಯಾರದೋ ಬೆಳಗಿನ ತಿಂಡಿಯ ಚೂರು. ತೊಳೆದು ಕೆಲಸಕ್ಕೆ ಕೂರುತ್ತೇನೆ. "ಅಯ್ಯೋ, ಅಸಹ್ಯ ಆಗಲ್ವಾ?" ಎಂದು ಕಂಡವರೆಲ್ಲ ಮೂಗು ಮುರಿಯುತ್ತಾರೆ. ಆಗುವುದಿಲ್ಲ. ನನಗೆ ನಿಜವಾಗಿ ಅಸಹ್ಯವಾದದ್ದು ನಮ್ಮ ನಡುಮನೆಯಲ್ಲಿ, ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ, ಸ್ನಾನ ಮಾಡಿ ಬಂದ ದೊಡ್ಡವರ ನಡುವೆ.

ಅಣ್ಣನ ಮನೆಯ ಹಿಂದಿನ ಕೋಣೆ ನನ್ನ ಕೆಲಸದ ಜಾಗ. ನಡುಮನೆ ಅತ್ತಿಗೆಯ ಪಾಠಶಾಲೆ. ನಾಲ್ಕು ಮನೆಯವರು ಸೇರಿ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಸರದಿಯಲ್ಲಿ ಓದಿಸುತ್ತಾರೆ. ಅಣ್ಣನ ಮಗಳು ಒಬ್ಬಳು, ಲಾಯರ ಅವಳಿ ಗಂಡುಮಕ್ಕಳು, ಮನಸ್ಸು ನೊಂದವರಿಗೆ ಸಲಹೆ ಕೊಡುವ ಕೌನ್ಸೆಲರಮ್ಮನ ಮಗ, ಆಮೇಲೆ ಬುಗುರಿ. ಮೇಣ ಕಾಯಿಸುವ ಶೆಖೆಗೆ ನನ್ನ ಬಾಗಿಲು ಅರ್ಧ ತೆರೆದೇ ಇರುವುದರಿಂದ ಎಲ್ಲರ ಪಾಠವೂ ನನ್ನ ಕಿವಿಗೆ ಬೀಳುತ್ತದೆ. ಮಕ್ಕಳು ನನ್ನನ್ನು ಹಲ್ಲಿನತ್ತೆ ಅನ್ನುತ್ತವೆ.

ಇವರ ದೊಡ್ಡ ಹೆಮ್ಮೆ ಮಕ್ಕಳ ಸಭೆ. ಯಾವುದೇ ತೀರ್ಮಾನವಿರಲಿ, ಮಕ್ಕಳು ಚಾಪೆಯ ಮೇಲೆ ಸುತ್ತ ಕೂತು ಕೈ ಎತ್ತಬೇಕು. ಚಿತ್ರ ಬಿಡಿಸುವುದು ಮೊದಲೋ ಲೆಕ್ಕ ಮೊದಲೋ, ತಿಂದ ಮೇಲೆ ಗುಡಿಸುವವರು ಯಾರು, ಎಲ್ಲದಕ್ಕೂ ಕೈ. ದೊಡ್ಡವರು ಬಾಯಿ ಹಾಕುವಂತಿಲ್ಲ. ಬಂದ ನೆಂಟರಿಗೆಲ್ಲ ಅತ್ತಿಗೆ ಇದನ್ನೇ ಹೇಳಿ ಹೇಳಿ ಅವರ ಕಿವಿ ತೂತು ಮಾಡುತ್ತಿದ್ದರು. ನಾನೂ ಇರಲಿ, ಚೆನ್ನಾಗಿದೆ ಅಂದುಕೊಂಡಿದ್ದೆ.

ಬುಗುರಿಗೆ ಏಳು ವರ್ಷ. ಖುಷಿಯಾದರೆ ನಿಂತಲ್ಲೇ ಗಿರಗಿರ ಸುತ್ತುತ್ತಾಳೆ, ಅದಕ್ಕೇ ಆ ಹೆಸರು. ಹುಟ್ಟಿದಾಗಿನಿಂದ ಅವಳ ಬಾಯಿಯ ಸ್ನಾಯು ಸಡಿಲ. ಮಾತು ತೊದಲುತ್ತದೆ, ಜೊಲ್ಲು ನಿಲ್ಲುವುದಿಲ್ಲ, ಕುತ್ತಿಗೆಗೆ ಸದಾ ಒಂದು ಕರ್ಚೀಫು. ಬುದ್ಧಿ ಮಾತ್ರ ಚುರುಕು. ತಾಯಿ ಇಲ್ಲ. ತಂದೆ ಬಸ್ ಡ್ರೈವರ್. ಮೊದಲು ಹೋಗುತ್ತಿದ್ದ ಶಾಲೆಯಲ್ಲಿ ಇವಳ ಪಕ್ಕ ಯಾರೂ ಕೂರುವುದಿಲ್ಲವೆಂದು ಕೊನೆಯಲ್ಲಿ ಒಂದು ಒಂಟಿ ಬೆಂಚು ಹಾಕಿಕೊಟ್ಟಿದ್ದರಂತೆ. ಮಗು ಮಾತು ಬಿಟ್ಟಿತು, ಆಮೇಲೆ ಊಟವನ್ನೂ ಬಿಟ್ಟಿತು.

"ಇಲ್ಲಿಗೆ ಬಂದ್ಮೇಲೇನೇ ಅವಳು ನಗೋದು ನೋಡಿದ್ದು ಕಣಮ್ಮ," ಎಂದು ಡ್ರೈವರಣ್ಣ ಒಂದು ದಿನ ನನ್ನ ಬಾಗಿಲಲ್ಲಿ ನಿಂತು ಹೇಳಿದ್ದ. "ಇದೂ ಆಗ್ಲಿಲ್ಲ ಅಂದ್ರೆ ಮತ್ತೆ ಅದೇ ಬೆಂಚು. ಬೇರೆ ದಾರಿ ಇಲ್ಲ ನಂಗೆ."

ಅವನು ಪುಕ್ಕಟೆ ಬಂದು ಸೇರಿಕೊಂಡವನಲ್ಲ. ವಾರದ ರಜೆಯ ದಿನ ಮಕ್ಕಳನ್ನೆಲ್ಲ ಡಿಪೋಗೆ ಕರೆದೊಯ್ದು ಚಕ್ರ ಬಿಚ್ಚಿ ತೋರಿಸುತ್ತಿದ್ದ, ನಕ್ಷೆ ಹರಡಿ ದಾರಿ ಹುಡುಕಿಸುತ್ತಿದ್ದ. ಮಕ್ಕಳು ಇಡೀ ವಾರ ಕಾಯುತ್ತಿದ್ದದ್ದು ಆ ಪಾಠಕ್ಕೆ.

ಒಂದು ಸಂಜೆ ಕೈಗೆ ಮೆತ್ತಿದ ಪ್ಲಾಸ್ಟರ್ ತೊಳೆಯಲು ಅಡುಗೆಮನೆಗೆ ಹೋದೆ. ಅತ್ತಿಗೆ, ಲಾಯರು, ಕೌನ್ಸೆಲರಮ್ಮ ಕಾಫಿ ಹಿಡಿದು ಕೂತಿದ್ದರು.

"ಪುಸ್ತಕದ ಮೇಲೆ ಜೊಲ್ಲು, ಬಣ್ಣದ ಡಬ್ಬಿ ಮೇಲೆ ಜೊಲ್ಲು," ಲಾಯರು ಹೇಳುತ್ತಿದ್ದರು. "ನಮ್ಮ ಹುಡುಗರಿಗೆ ಮನೆಗೆ ಬಂದ್ರೆ ಊಟ ಸೇರಲ್ಲ. ಅವಳನ್ನ ಇಲ್ಲಿಂದ ಬಿಡಿಸಲೇಬೇಕು."

ಅವರ ಹುಡುಗರನ್ನು ನಾನು ಬಲ್ಲೆ. ಒಬ್ಬ ಅಗಿದ ಚೂಯಿಂಗ್ ಗಮ್ಮನ್ನು ಇನ್ನೊಬ್ಬ ಬಾಯಿಗೆ ಹಾಕಿಕೊಳ್ಳುವ ಜಾತಿ. ಊಟ ಸೇರದೆ ಇದ್ದದ್ದು ಲಾಯರಿಗೆ.

"ಹಾಗಿದ್ರೆ ಅವಳಪ್ಪನಿಗೇ ಹೇಳಿ," ಅಂದೆ.

"ನಾವು ಹೇಗಮ್ಮ ಹೇಳೋದು? ಪಾಪ, ಒಳ್ಳೆ ಮನುಷ್ಯ," ಅತ್ತಿಗೆ ರಾಗ ಎಳೆದರು. "ನಾಳೆ ಮಕ್ಕಳ ಸಭೇಲಿ ಇಡೋಣ ಅಂತ. ಅವರೇ ತೀರ್ಮಾನ ಮಾಡ್ಲಿ."

"ಆಗ ಯಾರೂ ನಮ್ಮನ್ನ ಒಂದು ಮಾತು ಅನ್ನೋ ಹಾಗಿರಲ್ಲ," ಅಂದರು ಲಾಯರು.

"ಅಲ್ಲ ಅತ್ತಿಗೆ, ನೀವು ನುಣುಚಿಕೊಳ್ಳೋಕೆ ಮಕ್ಕಳನ್ನ ಮುಂದೆ ಬಿಡ್ತೀರಾ? ಅದೂ ಆ ಮಗು ಎದುರಿಗೇ?"

"ನಿಂಗೆ ಮಕ್ಕಳಿಲ್ಲ. ಇದೆಲ್ಲ ಅರ್ಥ ಆಗಲ್ಲ, ಬಿಡು."

ಮೈಯೆಲ್ಲ ಉರಿಯಿತು. ಕೌನ್ಸೆಲರಮ್ಮ ನನ್ನ ಮೊಣಕೈ ಸವರಿ, "ಯಾರಿಗೂ ನೋವಾಗದ ಹಾಗೆ ಕೇಳ್ತೀನಿ, ನೀವು ಚಿಂತೆ ಮಾಡ್ಬೇಡಿ," ಅಂದರು. ಡ್ರೈವರಣ್ಣನಿಗೆ ಫೋನ್ ಮಾಡಿದೆ. ಮಗಳನ್ನು ನೆರೆಮನೆಯವರ ಬಳಿ ಬಿಟ್ಟು ದೂರದ ರೂಟಿಗೆ ಹೋಗಿದ್ದ, ಫೋನ್ ಆಫ್ ಆಗಿತ್ತು. ಕೊನೆಗೆ ಅಣ್ಣನ ಮಗಳನ್ನು ಪಕ್ಕಕ್ಕೆ ಕರೆದು, "ಬುಗುರೀನ ಕಳಿಸಿಬಿಡೋಣ್ವಾ ಅಂತ ಯಾರಾದ್ರೂ ಕೇಳಿದ್ರೆ ಕೈ ಎತ್ತಬೇಡ, ಆಯ್ತಾ?" ಅಂದೆ. ಒಂಬತ್ತು ವರ್ಷದವಳು, "ನಾನ್ಯಾಕೆ ಎತ್ತಲಿ ಅತ್ತೆ, ಹುಚ್ಚಾ?" ಅಂದಳು.

ಮರುದಿನ ಬೆಳಿಗ್ಗೆ ಐದು ಮಕ್ಕಳೂ ಚಾಪೆಯ ಮೇಲೆ ಕೂತರು. ನಾನು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತೆ. ಕೌನ್ಸೆಲರಮ್ಮ ಮಂಡಿಯೂರಿ, ಜೇನು ಸುರಿಯುವ ದನಿಯಲ್ಲಿ ಕೇಳಿದರು: "ನಮ್ಮ ಬುಗುರಿಗೆ ಇನ್ನೂ ಚೆನ್ನಾಗಿರೋ ಒಂದು ಹೊಸ ಜಾಗ ಸಿಗಲಿ ಅಂತ ಯಾರ್ಯಾರಿಗೆ ಆಸೆ?"

ಎಂಥ ಪ್ರಶ್ನೆ ನೋಡಿ. ಯಾವ ಮಗು ಇದಕ್ಕೆ ಕೈ ಎತ್ತದೆ ಇರುತ್ತದೆ? ಅವಳಿಗಳು ಎತ್ತಿದರು. ಕೌನ್ಸೆಲರಮ್ಮನ ಮಗ ಎತ್ತಿದ. ಅಣ್ಣನ ಮಗಳು ಒಮ್ಮೆ ನನ್ನತ್ತ ನೋಡಿದಳು. ಕಳಿಸುವ ಮಾತು ಇದರಲ್ಲಿ ಎಲ್ಲೂ ಇರಲಿಲ್ಲ. ಅವಳೂ ಎತ್ತಿದಳು. ಎಲ್ಲರ ಕೈಯನ್ನೂ ನೋಡಿ ಬುಗುರಿ ಎಲ್ಲರಿಗಿಂತ ಎತ್ತರಕ್ಕೆ, ಒದ್ದೆ ಕರ್ಚೀಫು ಹಿಡಿದಿದ್ದ ತನ್ನ ಪುಟ್ಟ ಕೈ ಎತ್ತಿದಳು.

"ಎಲ್ಲರ ಒಪ್ಪಿಗೆ," ಅಂದರು ಲಾಯರು. ಅತ್ತಿಗೆ ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದವು. ಬುಗುರಿ ಎದ್ದು ಗಿರಗಿರ ಸುತ್ತಿದಳು.

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಎಂದು ಮುಂದೆ ಹೋದೆ. ಆದರೆ ಏನನ್ನಲಿ? ಇವರ ಬಂಡವಾಳ ಬಯಲು ಮಾಡಬೇಕಾದರೆ, ಕುಣಿಯುತ್ತಿರುವ ಆ ಮಗುವಿನ ಮುಂದೆಯೇ ಅವಳನ್ನು ಓಡಿಸುತ್ತಿದ್ದಾರೆ ಎಂದು ಹೇಳಬೇಕು. ನನಗೆ ಅದಾಗದು ಎಂದು ಆ ಮೂವರಿಗೂ ಗೊತ್ತಿತ್ತು. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಥೂ, ಇಂಥ ಜನ.

ಮಧ್ಯಾಹ್ನ ಡ್ರೈವರಣ್ಣ ಖಾಕಿ ಅಂಗಿಯಲ್ಲೇ ಬಂದ. ಬುಗುರಿ ಓಡಿಹೋಗಿ ಅವನ ಕಾಲು ತಬ್ಬಿದಳು.

"ಅಪ್ಪಾ, ಹೊಸ ಜಾಗ! ಎಲ್ಲಾರೂ ಕೈ ಎತ್ತಿದ್ರು, ನಾನೂ ಎತ್ತಿದೆ."

"ಹೌದಾ? ಯಾವ ಜಾಗ ಪುಟ್ಟಾ?" ಎನ್ನುತ್ತ ಅವನು ನಗುನಗುತ್ತಲೇ ದೊಡ್ಡವರ ಮುಖ ನೋಡಿದ.

ಲಾಯರು ಫೋನ್ ತೆಗೆದರು. ಅತ್ತಿಗೆ ಚಾಪೆ ಸುತ್ತತೊಡಗಿದರು. "ಮಕ್ಕಳೇ ಕೂತು ತೀರ್ಮಾನ ಮಾಡಿದ್ದು," ಅಂದರು ಕೌನ್ಸೆಲರಮ್ಮ. "ನಾವು ಮಧ್ಯೆ ಬರಲಿಲ್ಲ."

ಅವನ ನಗು ಇಳಿಯಿತು. ತಿಳಿಯದವನಲ್ಲ. ಮಗಳ ಗಲ್ಲವನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ, "ಬಾ ಪುಟ್ಟಾ, ಚಪ್ಪಲಿ ಹಾಕ್ಕೋ," ಅಂದ.

ಅವಳು ಹಾಕಿಕೊಳ್ಳಲಿಲ್ಲ. ಅಣ್ಣನ ಮಗಳ ಕೈ ಹಿಡಿದು ಎಳೆಯುತ್ತ, "ನೀನೂ ಬಾ," ಅಂದಳು. ಅವಳಿಗಳಿಗೂ ಹೇಳಿದಳು, "ನೀವೂ ಬನ್ನಿ. ಕೈ ಎತ್ತಿದ್ರಲ್ಲ. ಎಲ್ಲಾರೂ ಹೋಗೋಣ."

ಆ ಮಗು ಕೈ ಎತ್ತಿದ್ದು ಅದಕ್ಕೆ. ಎಲ್ಲರೂ ಒಟ್ಟಿಗೆ ಹೋಗುವುದು ಎಂದುಕೊಂಡಿತ್ತು.

ನಡುಮನೆಯಲ್ಲಿ ಮೂವರು ಓದಿದ ದೊಡ್ಡವರಿದ್ದರು. ಮೂವರ ಬಾಯಿಗೂ ಬೀಗ. ಬುಗುರಿ ಎಳೆಯುತ್ತಲೇ ಇದ್ದಳು. ಅಣ್ಣನ ಮಗಳು ಅಮ್ಮನ ಮುಖ ನೋಡಿದಳು, ಲಾಯರ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ತಡೆಯುವಷ್ಟರಲ್ಲಿ ಅವಳ ಬಾಯಿಂದ ಮಾತು ಬಂದುಬಿಟ್ಟಿತು.

"ನಾವು ಬರಲ್ಲ ಕಣೇ. ನೀನೊಬ್ಬಳೇ ಹೋಗೋದು."

ಬುಗುರಿ ಕೈ ಬಿಟ್ಟಳು. ಅಳಲಿಲ್ಲ. ಕರ್ಚೀಫಿನಿಂದ ತಾನೇ ಬಾಯಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಡ್ರೈವರಣ್ಣ ಅವಳನ್ನು ಎತ್ತಿಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಟುಹೋದ. ನಾನು ಗೇಟಿನವರೆಗೆ ಹಿಂದೆಯೇ ಹೋದೆ. ಅವನು ತಿರುಗಿ ನೋಡಲಿಲ್ಲ.

ಒಳಗೆ ಬಂದಾಗ ಲಾಯರು, "ಸದ್ಯ, ಹೇಳೋದು ಆಯ್ತಲ್ಲ," ಎಂದು ಉಸಿರು ಬಿಡುತ್ತಿದ್ದರು. ಕೌನ್ಸೆಲರಮ್ಮ ಅಣ್ಣನ ಮಗಳ ಭುಜ ತಟ್ಟುತ್ತಿದ್ದರು. "ಎಷ್ಟು ಧೈರ್ಯವಾಗಿ ಹೇಳ್ದೆ ಚಿನ್ನಾ. ನೋಡಿದ್ರಾ, ಶಾಲೇಲಿ ಕಲಿಸ್ತಾರಾ ಇದನ್ನ?"

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಅವರ ಕೈ ತಗುಲಿದ ಭುಜವನ್ನು ತನ್ನ ಅಂಗೈಯಿಂದ ಒರೆಸಿಕೊಂಡಳು.