ಶಂಖದ ಕಾಸು

ನಮ್ಮ ಹಟ್ಟಿಯಲ್ಲಿ ಹೆಣದ ಹಣೆಗೆ ಕಾಸಿಡುವವನು ಮಗ. ಅದೂ ತಾನು ದುಡಿದ ಕಾಸೇ ಆಗಬೇಕು. ನನ್ನಣ್ಣ ಗೊಲ್ಲಪ್ಪನಿಗೆ ಇದ್ದವನು ಶಿವು ಒಬ್ಬನೇ. ಅವನು ಕುರಿ ಬಿಟ್ಟು ಮಾಲ್ಡೀವ್ಸ್‌ಗೆ, ಯಾವುದೋ ದ್ವೀಪದ ಹೋಟೆಲಿನ ಅಡುಗೆಮನೆಗೆ ಹೊರಟಾಗ ಅಣ್ಣ ಬೇಡ ಅನ್ನಲಿಲ್ಲ. "ನನ್ ಹಣೆಗೆ ಕಾಸಿಡಾಕಾದ್ರೂ ಬರ್ತೀಯೇನಪ್ಪ?" ಎಂದಷ್ಟೇ ಕೇಳಿದ. ಶಿವು ಅಪ್ಪನ ಕೈ ಮುಟ್ಟಿ ಆಣೆ ಮಾಡಿ ಹೋದ.

ಮೊನ್ನೆ ಕುರಿ ಬಿಡುವ ಹೊತ್ತಿಗೆ ಅಣ್ಣ ಹೋಗಿಬಿಟ್ಟ. ಶಿವು ಇರುವ ಕಡೆ ಬಿರುಗಾಳಿ, ದೋಣಿಯೇ ಹೊರಟಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು.

"ದಾಯಾದಿಗಳಲ್ಲಿ ಯಾರಾದ್ರೂ ಇಡ್ರಿ," ಎಂದ ಹಟ್ಟಿಯ ಯಜಮಾನ ಕೆಂಚಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. ಶಿವುಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಅಣ್ಣನ ಮುಖದ ಮೇಲೆ ಹಿಡಿದೆ. "ಇಡು ಮಗಾ. ನಿನ್ ಕೈಯಾಗೇ ಇಡು."

ಅವನು ಅಳುತ್ತಲೇ ಜೇಬು ತಡಕಿದ. "ನಮ್ ರೂಪಾಯಿ ಒಂದೂ ಇಲ್ಲ ಅತ್ತೆ. ಇಲ್ಲೀದು ಐತೆ, ರುಫಿಯಾ." ಎತ್ತಿ ತೋರಿಸಿದ. ಹಳದಿ ಬಿಲ್ಲೆ, ಅದರ ಮೇಲೊಂದು ಶಂಖ.

"ಬ್ಯಾರೆ ದೇಶದ ಕಾಸು ನಡಿಯಲ್ಲ ಜಯಕ್ಕ," ಎಂದ ಕೆಂಚಪ್ಪ.

"ನಮ್ಮಣ್ಣ ಈಗ ಹೋಗೋ ಕಡೆ ಯಾವ ದೇಶದ್ದು ನಡೀತೈತೆ? ನೀನೇನು ನೋಡ್ಕಂಡ್ ಬಂದಿದೀಯಾ?"

ಕೆಂಚಪ್ಪ ನನ್ನ ಕೈಯಿಂದ ಫೋನ್ ಇಸಿದುಕೊಂಡು ಅಣ್ಣನ ಹಣೆಗೆ ನೇರವಾಗಿ ಹಿಡಿದ. ಶಿವು ಕಾಸನ್ನು ತನ್ನ ಫೋನಿನ ಮೇಲೆ, ಅಪ್ಪನ ಹಣೆ ಕಾಣುವಲ್ಲಿ ಒತ್ತಿದ. ನಮಗೆ ಅವನ ಹೆಬ್ಬೆರಳಷ್ಟೇ ಕಂಡಿತು.

"ಇಟ್ಟಂಗಾತು. ಎತ್ರಿ," ಎಂದ ಕೆಂಚಪ್ಪ. ಬೇರೆ ಕಾಸು ಯಾರೂ ಇಡಲಿಲ್ಲ. ಅಣ್ಣ ಬರಿಹಣೆಯಲ್ಲೇ ಮಣ್ಣಿಗಿಳಿದ.

ಸಂಜೆ ಶಿವು ಫೋನ್ ಮಾಡಿದ. ಹಿಂದೆ ಗಾಳಿಯ ಸದ್ದು ಜೋರಾಗಿತ್ತು.

"ಹೆಣದ ಕಾಸು ಇಟ್ಕಳಂಗಿಲ್ಲ ಅಲ್ವಾ ಅತ್ತೆ?"

"ಇಲ್ಲಪ್ಪ. ಅದು ಹೆಣದ ಜೊತೆ ಮಣ್ಣಿಗೇ ಹೋಗ್ಬೇಕು."

"ದಡದಾಗೆ ಗುಂಡಿ ತೋಡೀನಿ. ಅಪ್ಪನ ತಲೆ ಯಾವ ಕಡೆಗೆ ಇಟ್ರಿ?"

"ದಕ್ಷಿಣಕ್ಕೆ."

"ಕಾಸಿಗೆ ತಲೆ ಯಾವುದು ಅತ್ತೆ?"

ಬೆಳಗಿನಿಂದ ಎಲ್ಲರನ್ನೂ ಗದರಿಸಿಕೊಂಡು ಓಡಾಡಿದ್ದ ನಾನು ಆಗ ಅತ್ತುಬಿಟ್ಟೆ.

"ಶಂಖದ ಚೂಪು ತುದೀನೇ ತಲೆ ಅನ್ಕಳಪ್ಪ," ಎಂದೆ. "ಮೂರು ಹಿಡಿ ಮರಳು ಹಾಕು. ಆಮ್ಯಾಕೆ ತಿರುಗಿ ನೋಡ್ದಂಗೆ ನಡಿ."