ಬೋಳುಕತ್ತಿನ ಹುಂಜ ಮಾರಾಟಕ್ಕಿಲ್ಲ

ಹಿತ್ತಲಿನ ಬಾಗಿಲು ತೆರೆದರೆ ಸಾಕು, ಬೋಳುಕತ್ತಿನ ಕೋಳಿಗಳು ಅಮ್ಮನ ನೆರಳನ್ನೇ ಹಿಂಬಾಲಿಸುತ್ತಿದ್ದವು. ಆದರೆ ಅವು ತಲೆಮಾರಿನಿಂದ ತಲೆಮಾರಿಗೆ ಸಣ್ಣಗಾಗುತ್ತಿದ್ದವು. ಆ ಬೆಳಿಗ್ಗೆ ಮಗ ಬಿಳಿಯ ಫಾರಂ ಕೋಳಿಯೊಂದನ್ನು ತಂದು ತಕ್ಕಡಿಯ ಕೊಕ್ಕೆಗೆ ನೇತುಹಾಕಿದ.

“ನೋಡಮ್ಮ, ಮೊನ್ನೆ ಮೊನ್ನೆ ಮೊಟ್ಟೆ ಒಡೆದು ಬಂದಿದ್ದು. ಆಗ್ಲೇ ನಿನ್ನ ಹುಂಜಕ್ಕಿಂತ ಭಾರ. ನಾಳೆ ವ್ಯಾಪಾರಿ ಬರ್ತಾನೆ. ನಿನ್ನ ಕೋಳಿ ಸಂಸಾರಾನೆಲ್ಲ ಒಟ್ಟಿಗೇ ವ್ಯಾನು ಹತ್ತಿಸಿಬಿಡೋಣ.”

“ನಮ್ಮಮ್ಮ ಕೊಟ್ಟ ತಳಿ ಕಣೋ ಇದು.”

“ಅಜ್ಜಿ ಪ್ರೀತಿ ತಕ್ಕಡೀಲಿ ತೂಗಲ್ಲವಲ್ಲಮ್ಮ!”

ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದ ದರ್ಜಿ ಗೋಡೆಯಾಚೆಯಿಂದ ಇಣುಕಿದಳು.

“ಏನಪ್ಪಾ, ಎತ್ತಿನ ಪಕ್ಕ ಜಿಂಕೆ ತೂಗ್ತಿದ್ದೀಯಾ? ಅದು ಮಾಂಸಕ್ಕಂತಲೇ ಬೆಳೆಸಿದ ತಳಿ. ಎದೆ ಅಗಲ, ಕಾಲು ಗಿಡ್ಡ. ಹದ್ದು ಬಂದ್ರೆ ಓಡುತ್ತಾ? ಕಾವಿಗೆ ಕೂರುತ್ತಾ?”

ಮಗ ಅದನ್ನು ನೆಲಕ್ಕೆ ಬಿಟ್ಟ. ಒಂದೆರಡು ಹೆಜ್ಜೆ ಇಟ್ಟು ಅದು ಕುಳಿತೇಬಿಟ್ಟಿತು.

“ಪಾಪ, ಯೋಚನೆ ಮಾಡ್ತಿದೆ,” ಎಂದು ದರ್ಜಿ ನಕ್ಕಳು.

ಅಮ್ಮ ನಗಲಿಲ್ಲ. “ಅದ್ಸರಿ ಕಣೇ. ನಮ್ಮವು ಸಣ್ಣಗಾಗ್ತಿರೋದು ಸುಳ್ಳಾ?”

ದರ್ಜಿ ಒಳಗೆ ಹೋಗಿ ತನ್ನ ಹುಂಜವನ್ನು ತಂದಳು. ಬೋಳು ಕತ್ತು, ನೀಳವಾದ ಕಾಲು, ಒದ್ದೆ ತಾಮ್ರದಂತೆ ಮಿನುಗುವ ಗರಿ.

“ತೂಗಿ ದೊಡ್ಡಮ್ಮ. ನಿಮ್ಮದೂ ಇದೂ ಒಂದೇ ಕಾಲದ ಮರಿಗಳು, ಎರಡೂ ಹುಂಜ. ಎರಡಕ್ಕೂ ಇನ್ನೂ ಮೇವು ಹಾಕಿಲ್ಲ. ತಿಂದ ಮೇಲೆ ತೂಗಿದ್ರೆ ಹೊಟ್ಟೆಯ ಕಾಳೂ ಕೋಳಿ ಲೆಕ್ಕಕ್ಕೇ ಸೇರುತ್ತೆ.”

ಅಮ್ಮನ ಹುಂಜ ಎರಡು ಕೆಜಿ ಮುಟ್ಟಲಿಲ್ಲ. ದರ್ಜಿಯದು ಎರಡೂವರೆಯ ಹತ್ತಿರ ನಿಂತಿತು.

“ಮಂತ್ರ ಗಿಂತ್ರ ಹಾಕಿದ್ಯೇನೇ?”

“ವ್ಯಾಪಾರಿ ಬಂದಾಗ ನೀವು ಯಾವುದನ್ನ ಕೊಡ್ತೀರಿ ದೊಡ್ಡಮ್ಮ?”

“ದಷ್ಟಪುಷ್ಟವಾಗಿರೋದನ್ನ. ಅವನು ಕೇಳೋದೇ ಅದನ್ನ.”

“ಮರಿ ಮಾಡ್ಸೋಕೆ ಉಳಿಯೋದು?”

ಅಮ್ಮ ತನ್ನ ಹುಂಜದತ್ತ ತಿರುಗಿ ನೋಡಿದಳು. ಇಷ್ಟು ವರ್ಷ ಅವಳ ಹಿತ್ತಲಿನಲ್ಲಿ ವಂಶ ಬೆಳೆಸಿದ್ದು ಬಡಕಲು ಹುಂಜಗಳು.

“ನಾನು ದೊಡ್ಡದನ್ನ ಇಟ್ಕೋತೀನಿ, ಸಣ್ಣದನ್ನ ಮಾರ್ತೀನಿ. ಪಶುವೈದ್ಯರು ಹೇಳಿಕೊಟ್ಟಿದ್ದು ಇಷ್ಟೇ. ಇದೇನು ಬೇರೆ ತಳಿ ಅಂದ್ಕೊಂಡ್ರಾ? ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೀವೇ ಕೊಟ್ಟ ಮೊಟ್ಟೆಗಳ ವಂಶ!”

ಅಮ್ಮ ಆ ಹುಂಜವನ್ನು ಎತ್ತಿಕೊಂಡಳು. ಎದೆಯ ಮೂಳೆಯನ್ನು ಸವರಿ, ರೆಕ್ಕೆ ಬಿಡಿಸಿ ನೋಡಿದಳು. ಕಳೆದುಹೋಯಿತೆಂದುಕೊಂಡಿದ್ದ ತವರಿನ ಭಾರ ಅವಳ ತೋಳಿನಲ್ಲಿ ಬೆಚ್ಚಗೆ ಮಿಸುಕಾಡುತ್ತಿತ್ತು.

“ನಮ್ಮನೇದಾ ಇದು?” ಮಗನ ದನಿ ಇಳಿದಿತ್ತು.

“ಮತ್ತೇನಂದ್ಕೊಂಡೆ? ನಮ್ಮಮ್ಮನ ಕೋಳಿ ಕಣೋ!” ಅಮ್ಮ ಹೆಮ್ಮೆಯಿಂದ ತಲೆ ಎತ್ತಿದಳು.

ಮರುದಿನ ವ್ಯಾಪಾರಿ ಬಂದವನೇ ಅಮ್ಮನ ಕೋಳಿಗಳ ಗುಂಪಿನಲ್ಲಿ ಎತ್ತರಕ್ಕೆ ನಿಂತಿದ್ದ ಎಳೆಯ ಕೆಂಪು ಹುಂಜದತ್ತ ಬೆರಳು ತೋರಿದ. ಅಮ್ಮ ಬಾಯಿ ತೆರೆಯುವ ಮೊದಲೇ ಮಗ ಅಡ್ಡ ನಿಂತ.

“ಅದು ಮನೆ ಯಜಮಾನ ಸ್ವಾಮಿ, ಮಾರಾಟಕ್ಕಿಲ್ಲ. ಬೇಕಿದ್ರೆ ಆ ಸಣ್ಣವನ್ನ ನೋಡಿ.”

ಕೋಳಿ ಸಾಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೋಳಿಯನ್ನು ಹಗುರವೆಂದು ಹಳಿಯುವ ಮುನ್ನ ಅದೇ ತಳಿಯ, ಅದೇ ವಯಸ್ಸಿನ ಕೋಳಿಯೊಡನೆ, ಮೇವು ಹಾಕುವ ಮೊದಲು ತೂಗಿ ನೋಡಿ. ತೂಕದ ಜೊತೆಗೆ ಕಾಲಿನ ಗಟ್ಟಿತನ, ಗರಿಯ ಹೊಳಪು, ಕಾವಿಗೆ ಕೂರುವ ಗುಣವನ್ನೂ ಗಮನಿಸಿ. ಒಂದೇ ತಾಯಿಯ ಮರಿಗಳನ್ನು ಜೋಡಿ ಮಾಡದೆ, ಬೇರೆ ಮನೆಯವರೊಡನೆ ಹುಂಜ ಬದಲಾಯಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಅತ್ಯುತ್ತಮವಾದುದನ್ನು ಮೊದಲು ನಿಮ್ಮ ಹಿತ್ತಲಿಗೇ ಉಳಿಸಿಕೊಳ್ಳಿ.